ಸಾಮಾನು ಸಮೇತ ಮನೆ ಬಾಡಿಗೆಗೆ ಕೊಡುವುದು: ಕೋಲಾರದವರು ಹೇಗೆ ಮಾಡುತ್ತಿದ್ದೀರಿ?

ಟಮಕ ಮೇಲ್ಮನೆ

ಎಲ್ಲರಿಗೂ ನಮಸ್ಕಾರ. ಟಮಕದಲ್ಲಿ ನಮ್ಮದು ಸ್ವಂತ ಮನೆ. ಕೆಳಗೆ ನಾನು ಮತ್ತು ಯಜಮಾನರು ಇದ್ದೇವೆ. ಮೇಲಿನ ಮನೆಯಲ್ಲಿದ್ದ ಮಗ, ಸೊಸೆ ಪುಣೆಗೆ ವರ್ಗವಾಗಿ ಹೋದರು. ಅವರ ಸಾಮಾನೆಲ್ಲ ಇಲ್ಲೇ ಉಳಿದಿದೆ: ಎರಡು ಮಂಚ, ಹಾಸಿಗೆ, ಬೀರು, ಸೋಫಾ, ಫ್ರಿಜ್, ವಾಷಿಂಗ್ ಮೆಷಿನ್, ಗೀಸರ್, ಒಂದು ಕೋಣೆಗೆ ಎ.ಸಿ., ಯುಪಿಎಸ್, ಅಡುಗೆಮನೆಯ ಪಾತ್ರೆಪಗಡ. ನಮ್ಮ ಅತ್ತೆಯವರ ಕಾಲದ ಬೀಟೆ ಮರದ ಪೆಟ್ಟಿಗೆಯೂ ಅಲ್ಲೇ ಇದೆ. ಲಾರಿಯವರು ಹೇಳುವ ದರ ಕೇಳಿದರೆ ಅಲ್ಲೇ ಹೊಸದು ಕೊಳ್ಳುವುದು ವಾಸಿ ಎನ್ನಿಸುತ್ತದೆ.

ಮನೆ ಖಾಲಿ ಮಾಡಿಕೊಟ್ಟರೆ ತಿಂಗಳಿಗೆ ₹11,000, ಸಾಮಾನು ಸಮೇತವಾದರೆ ₹15,000 ಬರುತ್ತದೆ ಎಂದು ಬ್ರೋಕರ್ ಹೇಳುತ್ತಾರೆ. ದೇವರಾಜ ಅರಸು ವೈದ್ಯಕೀಯ ಕಾಲೇಜು ಹತ್ತಿರವೇ ಇರುವುದರಿಂದ ಸ್ನಾತಕೋತ್ತರ ಓದುವ ವೈದ್ಯರು ಇಂಥ ಮನೆಯನ್ನೇ ಹುಡುಕುತ್ತಾರಂತೆ. ನರಸಾಪುರದ ಕಾರ್ಖಾನೆಗಳ ಎಂಜಿನಿಯರುಗಳೂ ಕೇಳುತ್ತಾರಂತೆ. ಯಜಮಾನರಿಗೆ ಮಾತ್ರ ಅಂಜಿಕೆ. ಗೋಡೆಗೆ ಏನಾದರೂ ಆದರೆ ಸುಣ್ಣ ಬಳಿಯಬಹುದು, ಸಾಮಾನು ಕೆಟ್ಟರೆ ಯಾರನ್ನು ಕೇಳುವುದು ಎನ್ನುತ್ತಾರೆ. ಅದಕ್ಕೆ ಬ್ರೋಕರ್ ಹೇಳಿದ ಉಪಾಯ, ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು. ಒಂದೂವರೆ ಲಕ್ಷ! ಓದುವ ಮಕ್ಕಳು ಅಷ್ಟು ಹಣ ಎಲ್ಲಿಂದ ತರಬೇಕು? ನನಗೆ ಅದು ಒಪ್ಪಿಗೆಯಾಗಲಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಬಂಗಾರಪೇಟೆ ರಸ್ತೆ

ಎಲ್ಲವನ್ನೂ ಮಾರಿ ಖಾಲಿ ಮನೆ ಕೊಟ್ಟುಬಿಡಿ, ಅಮ್ಮ. ನಾಲ್ಕು ಸಾವಿರ ಹೆಚ್ಚಿಗೆ ಸಿಗುತ್ತದೆಂದು ನಿದ್ದೆ ಕೆಡಿಸಿಕೊಳ್ಳಬೇಡಿ.

ಗಲ್‌ಪೇಟೆ ಮಾಲೀಕ

ಅಮ್ಮ, ಮಾರಬೇಡಿ. ಹಳೆಯ ಸಾಮಾನಿಗೆ ಗುಜರಿಯವರು ಕೊಡುವ ಬೆಲೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ನಾನು ಎರಡು ಮನೆಗಳನ್ನು ಸಾಮಾನು ಸಮೇತ ಬಾಡಿಗೆಗೆ ಕೊಟ್ಟಿದ್ದೇನೆ. ಬಾಡಿಗೆದಾರರು ಬಂದಿದ್ದಾರೆ, ಹೋಗಿದ್ದಾರೆ, ಯಾರೊಂದಿಗೂ ಮನಸ್ತಾಪವಾಗಿಲ್ಲ. ಅದಕ್ಕೆ ಕಾರಣ ದೊಡ್ಡ ಮುಂಗಡವಲ್ಲ, ಸಾಮಾನು ಪಟ್ಟಿ.

ಹೆಚ್ಚಿನವರು ಕರಾರು ಪತ್ರದ ಕೊನೆಯಲ್ಲಿ ‘ಮಂಚ 2, ಫ್ಯಾನ್ 4, ಫ್ರಿಜ್ 1’ ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಆ ಪಟ್ಟಿಯಿಂದ ಜಗಳ ತೀರುವುದಿಲ್ಲ, ಅಲ್ಲಿಂದಲೇ ಶುರುವಾಗುತ್ತದೆ. ನನ್ನ ಪಟ್ಟಿಯ ಒಂದು ಸಾಲನ್ನು ಇಲ್ಲಿ ಇದ್ದಂತೆಯೇ ಕೊಡುತ್ತೇನೆ: ‘ತೇಗದ ಮಂಚ, 6 ಅಡಿ ಉದ್ದ, 5 ಅಡಿ ಅಗಲ, 2016ರಲ್ಲಿ ಮಾಡಿಸಿದ್ದು. ತಲೆಯ ಕಡೆ ಬಲತುದಿಯಲ್ಲಿ ಹೆಬ್ಬೆರಳಗಲದ ಗೀರು ಇದೆ. ಕೆಳಗಿನ ಪ್ಲೈವುಡ್ ಹಲಗೆ 2022ರಲ್ಲಿ ಬದಲಾಯಿಸಿದ್ದು. ಅಲುಗಾಡುವುದಿಲ್ಲ.’ ಗೀರು ಮೊದಲೇ ಇತ್ತೆಂದು ಮಾಲೀಕನೇ ಬರೆದುಕೊಟ್ಟ ಮೇಲೆ ಬಾಡಿಗೆದಾರನಿಗೆ ಆ ಮನುಷ್ಯನ ಮೇಲೆ ನಂಬಿಕೆ ಹುಟ್ಟುತ್ತದೆ. ಹೊಸ ಗೀರು ಬಿದ್ದರೆ ಅವನೇ ಬಂದು ಹೇಳುತ್ತಾನೆ.

ಬೀಗದ ಕೈ ಕೊಡುವ ದಿನ ಇಬ್ಬರೂ ಕೂಡಿ ಮನೆಯೆಲ್ಲ ಓಡಾಡಿ. ಬೀರುವಿನ ಬಾಗಿಲು ತೆಗೆದು ಹಾಕಿ. ವಾಷಿಂಗ್ ಮೆಷಿನ್‌ಗೆ ಒಂದು ಸುತ್ತು ನೀರು ತುಂಬಿಸಿ ಓಡಿಸಿ. ಎ.ಸಿ. ಹಾಕಿ ತಣ್ಣನೆಯ ಗಾಳಿ ಬರುವವರೆಗೆ ನಿಂತು ನೋಡಿ. ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ, ಆ ವಿಡಿಯೊವನ್ನು ಅಲ್ಲೇ ಅವರಿಗೂ ಕಳುಹಿಸಿ. ವಿದ್ಯುತ್ ಮೀಟರಿನ ಅಂಕಿಯೂ ಅದರಲ್ಲಿ ಕಾಣಲಿ.

ಇನ್ನು ಸವಕಳಿಯ ವಿಷಯ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿಯೇ ಇದೆ: ಬಾಡಿಗೆದಾರ ಸ್ವತ್ತನ್ನು ತನಗೆ ಕೊಟ್ಟ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು, ಆದರೆ ಸಹಜ ಬಳಕೆಯಿಂದಾದ ಸವಕಳಿಗೆ ಅವನು ಹೊಣೆಯಲ್ಲ. ಹಾಸಿಗೆ ತಗ್ಗುವುದು, ಸೋಫಾದ ಬಟ್ಟೆ ಬಣ್ಣಗೆಡುವುದು, ಫ್ರಿಜ್ಜಿನ ಬಾಗಿಲಿನ ರಬ್ಬರು ಸಡಿಲವಾಗುವುದು ನಮ್ಮ ಲೆಕ್ಕ. ತಿಂಗಳಿಗೆ ನಾಲ್ಕು ಸಾವಿರ ಹೆಚ್ಚಿಗೆ ಪಡೆಯುವುದು ಅದಕ್ಕಾಗಿಯೇ. ಹಾಸಿಗೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಸುಟ್ಟರೆ ಅದು ಅವರ ಲೆಕ್ಕ. ಆಗಲೂ ಹೊಸ ಹಾಸಿಗೆಯ ಬೆಲೆ ಕೇಳುವುದು ನ್ಯಾಯವಲ್ಲ. ನಾನು ಹಾಸಿಗೆಗೆ ಎಂಟು ವರ್ಷ ಆಯುಸ್ಸು ಹಿಡಿಯುತ್ತೇನೆ. ₹16,000 ಕೊಟ್ಟು ತಂದ ಹಾಸಿಗೆ ಐದು ವರ್ಷ ಬಳಕೆಯಾದ ಮೇಲೆ ಸುಟ್ಟರೆ ಉಳಿದ ಮೂರು ವರ್ಷದ ಬೆಲೆ ₹6,000. ಅಷ್ಟನ್ನೇ ಮುರಿದುಕೊಳ್ಳುತ್ತೇನೆ. ಪ್ರತಿ ವಸ್ತುವಿನ ಕೊಂಡ ವರ್ಷ, ಬೆಲೆ, ಆಯುಸ್ಸು ಮೂರನ್ನೂ ಪಟ್ಟಿಯಲ್ಲಿ ಮೊದಲೇ ಬರೆದಿಟ್ಟರೆ ಬಿಟ್ಟುಹೋಗುವ ದಿನ ಚೌಕಾಶಿಗೆ ಎಡೆಯೇ ಇರುವುದಿಲ್ಲ.

ಆ ಬೀಟೆ ಮರದ ಪೆಟ್ಟಿಗೆಯನ್ನು ಮಾತ್ರ ಇವತ್ತೇ ಕೆಳಗೆ ಇಳಿಸಿಕೊಳ್ಳಿ. ಹೋದರೆ ಮತ್ತೆ ಸಿಗದ ವಸ್ತುವಿಗೆ ಪಟ್ಟಿಯಲ್ಲಿ ಬೆಲೆ ಕಟ್ಟಲಾಗುವುದಿಲ್ಲ.

ಕಿರಿಯ ವೈದ್ಯೆ

ಬಾಡಿಗೆದಾರಳ ಕಡೆಯಿಂದ ಒಂದು ಮಾತು ಹೇಳುತ್ತೇನೆ. ನಮ್ಮ ಸ್ನಾತಕೋತ್ತರ ಕೋರ್ಸ್ ಮೂರು ವರ್ಷದ್ದು. ಮೂರು ವರ್ಷಕ್ಕೆಂದು ಫ್ರಿಜ್, ಮಂಚ ಕೊಂಡು ಆಮೇಲೆ ಅರ್ಧ ಬೆಲೆಗೂ ಮಾರಲಾಗದೆ ಒದ್ದಾಡುವವರನ್ನು ನೋಡಿದ್ದೇನೆ. ಸಾಮಾನು ಇರುವ ಮನೆ ನಮಗೆ ನಿಜವಾಗಿ ಬೇಕು, ಹೆಚ್ಚು ಬಾಡಿಗೆ ಕೊಡಲೂ ಸಿದ್ಧರಿದ್ದೇವೆ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಮಲಗಲು ಕತ್ತಲಾಗುವ ಕೋಣೆ, ಬಿಸಿನೀರು, ಕರೆಂಟು ಹೋದರೂ ತಿರುಗುವ ಫ್ಯಾನ್ ಇದ್ದರೆ ಸಾಕು. ಆದ್ದರಿಂದ ಅಮ್ಮ, ಸೋಫಾಕ್ಕೆ ಹೊಸ ಬಟ್ಟೆ ಹಾಕಿಸುವ ದುಡ್ಡಿನಲ್ಲಿ ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸಿ, ಓದಲು ಒಂದು ಗಟ್ಟಿ ಮೇಜು ಇಡಿಸಿ. ಹೆಚ್ಚಿನ ಮನೆಗಳಲ್ಲಿ ಟಿ.ವಿ. ಇರುತ್ತದೆ, ಮೇಜು ಇರುವುದಿಲ್ಲ.

ಹಿಂದೆ ನಾನಿದ್ದ ಮನೆಯವರು ಬಿಡುವಾಗ ‘ಪೇಂಟಿಂಗ್’ ಎಂದು ಒಂದು ತಿಂಗಳ ಬಾಡಿಗೆಯನ್ನು, ‘ಸ್ವಚ್ಛತೆ’ ಎಂದು ಮತ್ತಷ್ಟನ್ನು ಮುರಿದುಕೊಂಡರು. ಗೋಡೆಗೆ ನಾನು ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಆ ಹಣಕ್ಕಿಂತ, ನನ್ನನ್ನು ಕೇಳದೆಯೇ ಲೆಕ್ಕ ಮುಗಿಸಿದ್ದರಲ್ಲ, ಅದು ಇಂದಿಗೂ ನೋಯುತ್ತದೆ.

ಕೋಟೆ ಬಡಾವಣೆ

ಡಾಕ್ಟರ್, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಮಾಲೀಕರ ಪಾಡನ್ನೂ ನೋಡಿ. ನಮ್ಮ ಮನೆಯಲ್ಲಿದ್ದವರು ಮೂರು ತಿಂಗಳ ಬಾಡಿಗೆ ಉಳಿಸಿಕೊಂಡು, ಫ್ರಿಜ್ ಕೆಡಿಸಿ, ಹೇಳದೆಯೇ ಹೊರಟುಹೋದರು. ಎರಡು ತಿಂಗಳ ಮುಂಗಡ ಯಾವ ಮೂಲೆಗೆ ಸಾಕಾದೀತು? ಹತ್ತು ತಿಂಗಳಲ್ಲದಿದ್ದರೂ ಐದು ತಿಂಗಳಾದರೂ ಇರಲೇಬೇಕು. ಬಾಡಿಗೆ ಕಟ್ಟದಿದ್ದರೆ ಮೇಲೊಂದು ಬೀಗ ಜಡಿಯುವ ಹಕ್ಕೂ ಕರಾರಿನಲ್ಲಿರಬೇಕು.

ಗಲ್‌ಪೇಟೆ ಮಾಲೀಕ

ಬೀಗ ಜಡಿಯುವ ಯೋಚನೆಯನ್ನು ಖಂಡಿತ ಬಿಟ್ಟುಬಿಡಿ, ಸರ್. ಕಾನೂನಿನ ದಾರಿ ಬಿಟ್ಟು ಬಲವಂತದಿಂದ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಬಾಡಿಗೆ ಬಾಕಿ ಇಟ್ಟವನೇ ನ್ಯಾಯವಂತನಾಗಿ, ನೀವು ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಕರಾರಿನಲ್ಲಿ ಬರೆಸಿದ್ದೀರಿ ಎಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಮುಂಗಡದ ಬಗ್ಗೆ: 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಎನ್ನುತ್ತದೆ. ಅದು ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಜಾರಿಯಾಗುವಂಥದ್ದು, ನಿಜ. ಆದರೂ ಯಾವುದು ನ್ಯಾಯ ಎನ್ನುವುದಕ್ಕೆ ಅದೊಂದು ಅಳತೆಗೋಲು. ಸಾಮಾನು ಇರುವ ಮನೆಗೆ ಎರಡು ತಿಂಗಳ ಬಾಡಿಗೆ, ಜೊತೆಗೆ ಪಟ್ಟಿಯಲ್ಲಿರುವ ಅತಿ ಬೆಲೆಯ ಒಂದು ವಸ್ತುವಿನ ಇಂದಿನ ಮೌಲ್ಯ. ನಾನು ಪಡೆಯುವುದು ಇಷ್ಟೇ. ಒಂದು ತಿಂಗಳ ಬಾಡಿಗೆ ತಪ್ಪಿದ ಕೂಡಲೇ ಹೋಗಿ ಮಾತನಾಡಿಸುತ್ತೇನೆ. ಮೂರು ತಿಂಗಳು ಸುಮ್ಮನಿದ್ದರೆ ಎಷ್ಟು ಮುಂಗಡವಿದ್ದರೂ ಕರಗಿಹೋಗುತ್ತದೆ.

ಕೊಳಾಯಿ ಕೆಲಸದವ

ಎಲ್ಲರೂ ಹಾಸಿಗೆ, ಸೋಫಾ ಎನ್ನುತ್ತಿದ್ದೀರಿ. ಕೋಲಾರದ ಮನೆಗಳಲ್ಲಿ ಸಾಮಾನನ್ನು ಹಾಳುಮಾಡುವುದು ಹೆಚ್ಚಾಗಿ ಬಾಡಿಗೆದಾರರಲ್ಲ, ನೀರು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳಿಂದ ಎತ್ತಿದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ತುಂಬಿರುತ್ತವೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯೇ ಇಲ್ಲದಿದ್ದರೆ 600ರವರೆಗೆ ಆಗಬಹುದು ಎಂಬುದು ಭಾರತೀಯ ಮಾನಕ ಬ್ಯೂರೊದ ಮಿತಿ. ಟ್ಯಾಂಕರಿನಲ್ಲಿ ಬರುವ ನೀರು ಎಲ್ಲಿಯದು ಎಂದು ಯಾರು ಕೇಳುತ್ತಾರೆ?

ನಾನು ದಿನವೂ ಗೀಸರ್ ಬಿಚ್ಚುವವನು. ಕೆಳಗಿನ ತಟ್ಟೆಯ ಬೋಲ್ಟುಗಳನ್ನು ಸಡಿಲಿಸಿದರೆ ಮೊದಲು ಕೆಂಪುಗಂದು ನೀರು ಬರುತ್ತದೆ, ಹಿಂದೆಯೇ ಬಿಳಿಯ ಚಕ್ಕೆಗಳು ಬಕೆಟ್ಟಿಗೆ ಬೀಳುತ್ತವೆ. ಕಾಯಿಸುವ ಕಾಯಿಲ್ ಹೊರಗೆ ಬಂದಾಗ ತಾಮ್ರವೇ ಕಾಣುವುದಿಲ್ಲ, ಬೆರಳು ದಪ್ಪ ಸುಣ್ಣದ ಪದರ ಮೆತ್ತಿಕೊಂಡಿರುತ್ತದೆ. ಆ ಪದರ ದಾಟಿ ನೀರಿಗೆ ಶಾಖ ಹೋಗಬೇಕು. ಅದಕ್ಕೇ ಕರೆಂಟು ಹೆಚ್ಚು ಉರಿಯುತ್ತದೆ, ಒಳಗಿನಿಂದ ಟಪಟಪ ಸದ್ದು ಬರುತ್ತದೆ, ಒಂದು ದಿನ ಕಾಯಿಲ್ ಸುಟ್ಟುಹೋಗುತ್ತದೆ. ಆಗ ಮಾಲೀಕರು ‘ಬೆಳಗಿನಿಂದ ಸಂಜೆಯವರೆಗೆ ಹಾಕಿಟ್ಟು ಸುಟ್ಟಿದ್ದಾರೆ’ ಎಂದು ಬಾಡಿಗೆದಾರರನ್ನು ದೂರುತ್ತಾರೆ. ಅದೇ ಗೀಸರ್‌ನಲ್ಲಿ ಮೆಗ್ನೀಸಿಯಂ ಕಡ್ಡಿಯೊಂದಿರುತ್ತದೆ. ಟ್ಯಾಂಕಿನ ಬದಲು ತಾನು ಸವೆದು ತುಕ್ಕು ತಡೆಯುವುದು ಅದರ ಕೆಲಸ. ಅದನ್ನು ಬದಲಾಯಿಸುವವರೇ ಇಲ್ಲ.

ಅಮ್ಮ, ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ ಸುಣ್ಣ ತೆಗೆಸಿ, ಆ ಕಡ್ಡಿಯನ್ನು ನೋಡಿಸಿ, ಖರ್ಚು ನಿಮ್ಮದೇ ಇರಲಿ. ಥರ್ಮೋಸ್ಟಾಟನ್ನು 60 ಡಿಗ್ರಿ ದಾಟಿಸಬೇಡಿ, ನೀರು ಬಿಸಿಯಾದಷ್ಟೂ ಸುಣ್ಣ ಕಟ್ಟುವುದು ಹೆಚ್ಚು. ಕುಡಿಯುವ ನೀರಿಗೆ ಆರ್‌ಒ ಯಂತ್ರ ಇಟ್ಟಿದ್ದರೆ ಅದರ ಮೆಂಬ್ರೇನ್ (ನೀರು ಸೋಸುವ ಪೊರೆ) ಬದಲಿಸುವ ಹೊಣೆಯನ್ನೂ ನೀವೇ ಹೊರಿ. ನಮ್ಮ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು, ಮೂಳೆಗಳಿಗೆ ಕೆಡುಕು. ಬಾಡಿಗೆಗೆ ಬಂದವರು ನಮ್ಮ ಯಂತ್ರವನ್ನು ನಂಬಿ ನೀರು ಕುಡಿಯುತ್ತಾರೆ.

ಟಮಕ ಮೇಲ್ಮನೆ

ಇಷ್ಟೊಂದು ಜನ ಕಾಳಜಿಯಿಂದ ಬರೆದಿದ್ದೀರಿ, ತುಂಬಾ ಧನ್ಯವಾದ. ಪೆಟ್ಟಿಗೆ ಕೆಳಗೆ ಬಂತು. ಯಜಮಾನರೇ ಸಾಮಾನು ಪಟ್ಟಿ ಬರೆಯಲು ಕುಳಿತಿದ್ದಾರೆ, ಗೀಸರ್ ಬಿಚ್ಚಿಸುತ್ತೇವೆ. ಇನ್ನು ಆದಾಯ ತೆರಿಗೆಯ ವಿಷಯ. ಸಾಮಾನಿಗೂ ಸೇರಿಸಿ ಬಾಡಿಗೆ ಪಡೆದರೆ ಲೆಕ್ಕ ಬೇರೆಯಾಗುತ್ತದೆಯೇ?

ಲೆಕ್ಕ ಸಲಹೆಗಾರ

ಆಗುತ್ತದೆ. ಮನೆ ಬಾಡಿಗೆಯನ್ನು ‘ಗೃಹ ಸ್ವತ್ತಿನ ಆದಾಯ’ ಎಂದು ತೋರಿಸಿದರೆ, ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ 30ರಷ್ಟು ಕಡಿತ ಸಿಗುತ್ತದೆ. ರಿಪೇರಿಯ ಒಂದು ರಸೀದಿಯನ್ನೂ ತೋರಿಸಬೇಕಾಗಿಲ್ಲ. ಸಾಮಾನಿನ ಬಾಡಿಗೆ ‘ಇತರ ಮೂಲಗಳ ಆದಾಯ’ದಲ್ಲಿ ಬರುತ್ತದೆ. ಅಲ್ಲಿ ಶೇ 30ರ ಕಡಿತವಿಲ್ಲ, ಆದರೆ ಆ ವಸ್ತುಗಳ ರಿಪೇರಿ ಖರ್ಚು ಮತ್ತು ಸವಕಳಿಯನ್ನು, ಅಂದರೆ ಹಳೆಯದಾದಂತೆ ವರ್ಷವರ್ಷ ಇಳಿಯುವ ಬೆಲೆಯನ್ನು, ಕಳೆಯಬಹುದು. ಮಂಚ, ಸೋಫಾಗಳಂಥ ಪೀಠೋಪಕರಣಕ್ಕೆ ಸವಕಳಿ ಶೇ 10, ಯಂತ್ರಗಳಿಗೆ ಸಾಮಾನ್ಯವಾಗಿ ಶೇ 15.

ಎಡವುವುದು ಇಲ್ಲಿ: ಕರಾರಿನಲ್ಲಿ ‘ಮನೆ ಮತ್ತು ಸಾಮಾನು ಎಲ್ಲಕ್ಕೂ ₹15,000’ ಎಂದು ಬರೆದು, ಎರಡನ್ನೂ ಬೇರ್ಪಡಿಸಲಾಗದಂತೆ ಒಂದೇ ಬಾಡಿಗೆ ಮಾಡಿಬಿಟ್ಟರೆ ಪೂರ್ತಿ ಮೊತ್ತ ‘ಇತರ ಮೂಲ’ಕ್ಕೆ ಹೋಗಬಹುದು. ಮನೆಗೆ ₹11,000, ಸಾಮಾನಿಗೆ ₹4,000 ಎಂದು ಬೇರೆಬೇರೆಯಾಗಿ ಬರೆಸಿ. ಮನೆಯ ವರ್ಷದ ಬಾಡಿಗೆ ₹1,32,000. ಆಸ್ತಿ ತೆರಿಗೆಯನ್ನು ಸದ್ಯಕ್ಕೆ ಬದಿಗಿಟ್ಟು ನೋಡಿದರೂ ₹39,600 ಕಡಿತ ಸಿಗುತ್ತದೆ. ಸಾಮಾನಿನ ₹48,000ದಲ್ಲಿ ಗೀಸರ್ ಸರ್ವಿಸ್, ಯುಪಿಎಸ್ ಬ್ಯಾಟರಿ ಎಲ್ಲದರ ರಸೀದಿ ಜೋಪಾನವಾಗಿಡಿ. ಸಾಮಾನಿನ ಪಾಲನ್ನು ವಿನಾಕಾರಣ ಹಿಗ್ಗಿಸುವುದೂ ಬೇಡ, ಕುಗ್ಗಿಸುವುದೂ ಬೇಡ. ಬ್ರೋಕರ್ ಹೇಳಿದ ಎರಡು ದರಗಳ ವ್ಯತ್ಯಾಸವೇ ನಿಮಗೆ ಒಳ್ಳೆಯ ಆಧಾರ.

ಬಾಡಿಗೆ, ಮುಂಗಡ ಎರಡನ್ನೂ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ವರ್ಷದ ಬಾಡಿಗೆ ಒಂದು ಲಕ್ಷ ಮೀರುವುದರಿಂದ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಕೇಳುವ ನೌಕರರು ನಿಮ್ಮ ಪ್ಯಾನ್ ಸಂಖ್ಯೆ ಕೇಳುತ್ತಾರೆ, ಅದು ಅವರಿಗೆ ಕಡ್ಡಾಯ. ಸಂಶಯಪಡದೆ ಕೊಡಿ.

ನರಸಾಪುರ ಪಾಳಿ

ನಾನು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಕೆಲವು ಕಂಪನಿಗಳು ತಮ್ಮ ಹೆಸರಿನಲ್ಲಿಯೇ ಮನೆ ಪಡೆದು ಸಿಬ್ಬಂದಿಯನ್ನು ಇರಿಸುತ್ತವೆ. ಬಾಡಿಗೆ ತಪ್ಪುವುದಿಲ್ಲ ಎಂಬುದು ಮಾಲೀಕರಿಗೆ ಅನುಕೂಲ. ಆದರೆ ಒಬ್ಬರು ಹೋಗಿ ಇನ್ನೊಬ್ಬರು ಬರುತ್ತಿದ್ದರೆ ಸಾಮಾನಿಗೆ ಯಾರು ಹೊಣೆ ಎಂಬುದು ಗೊತ್ತಾಗುವುದಿಲ್ಲ. ಪ್ರತಿ ಬಾರಿ ಜನ ಬದಲಾದಾಗಲೂ ಪಟ್ಟಿ ನೋಡಿ ಸಹಿ ಹಾಕುವಂತೆ ಕಂಪನಿಯಿಂದ ಬರೆಸಿಕೊಳ್ಳಿ. 2022ರ ಜುಲೈ 18ರಿಂದ ಜಿಎಸ್‌ಟಿ ನೋಂದಣಿ ಇರುವ ಕಂಪನಿ ವಾಸದ ಮನೆ ಬಾಡಿಗೆಗೆ ಪಡೆದರೆ ಆ ತೆರಿಗೆಯನ್ನು ಕಂಪನಿಯೇ ಸರ್ಕಾರಕ್ಕೆ ಕಟ್ಟಬೇಕು. ನಿಮ್ಮಿಂದ ಕೇಳಿದರೆ ಒಪ್ಪಬೇಡಿ. ವಿದೇಶದ ಎಂಜಿನಿಯರ್ ಯಾರಾದರೂ ಬಂದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸರ್ಕಾರಕ್ಕೆ ಮಾಹಿತಿ ಸಲ್ಲಿಸುವುದು ಮನೆ ಕೊಟ್ಟವರ ಹೊಣೆ.

ಇನ್ನೊಂದು ವಿಷಯ ಗೃಹಜ್ಯೋತಿ, ಅಂದರೆ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ. ಬಾಡಿಗೆದಾರರೂ ತಮ್ಮ ಆಧಾರ್ ಅನ್ನು ಮನೆಯ ಆರ್‌ಆರ್ ಸಂಖ್ಯೆಗೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಜೋಡಿಸಿ ಸೌಲಭ್ಯ ಪಡೆಯಬಹುದು. ಬಿಟ್ಟುಹೋಗುವಾಗ ಅದನ್ನು ಬೇರ್ಪಡಿಸಲೇಬೇಕು, ಇಲ್ಲವಾದರೆ ಮುಂದೆ ಬರುವವರು ಬೆಸ್ಕಾಂ ಕಚೇರಿಗೆ ಅಲೆಯಬೇಕಾಗುತ್ತದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ಎಂಬುದನ್ನೂ ಮೊದಲೇ ಹೇಳಿ. ಎರಡು ಕಿಲೋವಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ಎಳೆಯುತ್ತದೆ, ಎ.ಸಿ. ಕೇಳುವುದೇ ಬೇಡ. ಖಾಲಿ ಮನೆಯಲ್ಲಿದ್ದಾಗ ಶೂನ್ಯ ಬಿಲ್ ಬರುತ್ತಿತ್ತು, ಇಲ್ಲಿ ಯಾಕೆ ಬಂತು ಎಂದು ಜನ ಮಾಲೀಕರನ್ನು ಕೇಳುತ್ತಾರೆ.

ಪಿ.ಸಿ. ಬಡಾವಣೆ

ಸಸ್ಯಾಹಾರಿಗಳಿಗೆ ಮಾತ್ರ, ಸಂಸಾರಸ್ಥರಿಗೆ ಮಾತ್ರ ಎಂದು ಬೋರ್ಡಿನಲ್ಲಿ ಬರೆಸಿಬಿಡಿ. ಪಾತ್ರೆ, ಫ್ರಿಜ್ ಎಲ್ಲ ನಿಮ್ಮದೇ ಅಲ್ಲವೇ, ಆಮೇಲೆ ಕಸಿವಿಸಿ ಬೇಡ.

ಟಮಕ ಮೇಲ್ಮನೆ

ಬೇಡ, ಹಾಗೆ ಬರೆಸುವುದಿಲ್ಲ. ಪುಣೆಯಲ್ಲಿ ನನ್ನ ಮಗ, ಸೊಸೆ ಮನೆ ಹುಡುಕುವಾಗ ಊರು, ಭಾಷೆ, ಊಟ ಕೇಳಿ ಬಾಗಿಲಿನಿಂದಲೇ ಕಳುಹಿಸಿದವರಿದ್ದಾರೆ. ಆ ದಿನ ಫೋನಿನಲ್ಲಿ ಸೊಸೆಯ ದನಿ ಹೇಗಿತ್ತೆಂದು ನನಗೆ ಗೊತ್ತು. ಪಾತ್ರೆಗಳ ಚಿಂತೆಗೆ ಬೇರೆ ದಾರಿಯಿದೆ. ನಮ್ಮ ಪಾತ್ರೆಗಳನ್ನು ಕೆಳಗೆ ತಂದುಕೊಂಡು ಹೊಸದಾಗಿ ಒಂದು ಜೊತೆ ಸ್ಟೀಲ್ ಪಾತ್ರೆ, ಕುಕ್ಕರ್, ಮುದ್ದೆ ಕೋಲು ತಂದಿಡುತ್ತೇನೆ. ಅದರಲ್ಲಿ ಅವರು ಏನು ಬೇಯಿಸಿಕೊಂಡರೂ ಅವರ ಅಡುಗೆ. ಒಲೆ ಇದೆ, ಗ್ಯಾಸ್ ಸಂಪರ್ಕ ಮಗನ ಹೆಸರಿನಲ್ಲಿದೆ. ಅದನ್ನೇ ಬಳಸಲಿ ಎನ್ನಬಹುದೇ?

ಗಲ್‌ಪೇಟೆ ಮಾಲೀಕ

ನೀವು ಹೇಳಿದ್ದು ಕೇಳಿ ಸಂತೋಷವಾಯಿತು, ಅಮ್ಮ. ಗ್ಯಾಸ್ ಸಂಪರ್ಕವನ್ನು ಮಾತ್ರ ಕೊಡಬೇಡಿ. ಅದು ಮಗನ ಹೆಸರಿನದು, ಅನಾಹುತವಾದರೆ ಉತ್ತರ ಕೊಡಬೇಕಾದವರೂ ಅವರೇ. ಬಾಡಿಗೆದಾರರು ಗುರುತಿನ ಚೀಟಿ ತೋರಿಸಿ 5 ಕೆ.ಜಿ. ಸಿಲಿಂಡರ್ ಕೊಳ್ಳಬಹುದು, ಅಥವಾ ತಮ್ಮದೇ ಸಂಪರ್ಕ ಪಡೆಯಲಿ. ಒಲೆ ಕೊಡಿ, ಹೊಸ ರಬ್ಬರ್ ಪೈಪ್ ಹಾಕಿಸಿ ಕೊಡಿ.

ಕರಾರನ್ನು 11 ತಿಂಗಳಿಗೆ ಮಾಡಿಸಿ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಮನೆ ಬಿಡಿಸಲು ಎರಡು ಕಡೆಗೂ ಒಂದೇ ಅವಧಿಯ ನೋಟಿಸ್ ಇರಲಿ. ನಾನು ಒಂದು ತಿಂಗಳು ಇಡುತ್ತೇನೆ. ಕರಾರಿನಲ್ಲಿ ಏನೂ ಹೇಳದಿದ್ದರೆ ತಿಂಗಳ ಬಾಡಿಗೆಗೆ ಕಾನೂನು ಹೇಳುವುದು 15 ದಿನ, ಅಷ್ಟರಲ್ಲಿ ಇನ್ನೊಂದು ಮನೆ ಹುಡುಕುವುದು ಯಾರಿಗೂ ಸುಲಭವಲ್ಲ. ಮುಂಗಡವನ್ನು ಬೀಗದ ಕೈ ಪಡೆದ ದಿನವೇ, ಪಟ್ಟಿ ಹಿಡಿದು ನೋಡಿ, ಅವರ ಎದುರಿನಲ್ಲಿಯೇ ಲೆಕ್ಕ ಬರೆದು ಹಿಂದಿರುಗಿಸಿ. ಡಾಕ್ಟರ್ ಬರೆದದ್ದನ್ನು ಓದಿದಿರಲ್ಲ.

ಮನೆಗೆ ವಿಮೆ ಇದೆಯೇ? 2021ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲಿಯೂ ಸಿಗುವ ‘ಭಾರತ ಗೃಹ ರಕ್ಷಾ’ ಪಾಲಿಸಿಯಲ್ಲಿ ಕಟ್ಟಡದ ಜೊತೆಗೆ ಮನೆಯ ಸಾಮಾನಿಗೂ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ ₹10 ಲಕ್ಷದವರೆಗೆ ರಕ್ಷಣೆ ಸೇರಿರುತ್ತದೆ. ಮನೆಯನ್ನು ಬಾಡಿಗೆಗೆ ಕೊಟ್ಟಿರುವುದನ್ನು ಮುಚ್ಚಿಡದೆ ಹೇಳಿ ಮಾಡಿಸಿ.

ಟಮಕ ಮೇಲ್ಮನೆ

ವಿಮೆ ಇಲ್ಲ, ಮಾಡಿಸುತ್ತೇವೆ. ಮುಂಗಡ ₹45,000 ಎಂದು ಯಜಮಾನರೂ ಒಪ್ಪಿದರು: ಎರಡು ತಿಂಗಳ ಬಾಡಿಗೆ, ಫ್ರಿಜ್ಜಿನ ಇಂದಿನ ಬೆಲೆ ₹15,000. ಪಟ್ಟಿ ಬರೆಯುವಾಗ ಒಂದು ಗೊಂದಲ ಬಂತು. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟರ್ ಒಂದೇ, ಎರಡು ಮನೆಗೂ ಅದೇ. ಅದನ್ನು ಪಟ್ಟಿಗೆ ಸೇರಿಸಬೇಕೇ?

ಕೊಳಾಯಿ ಕೆಲಸದವ

ಸೇರಿಸಬೇಡಿ, ಮೋಟರ್ ನಿಮ್ಮ ಸುಪರ್ದಿಯಲ್ಲಿಯೇ ಇರಲಿ. ಅದರ ವೈರು ಈಗ ಯಾವ ಮೀಟರಿಗೆ ಹೋಗಿದೆ ಎಂದು ಮೊದಲು ನೋಡಿಸಿ. ಮಗ ಮೇಲಿದ್ದಾಗ ಮೇಲಿನ ಮೀಟರಿಗೇ ಜೋಡಿಸಿದ್ದರೆ, ನೀವು ಬಳಸುವ ನೀರಿನ ಕರೆಂಟನ್ನೂ ಬಾಡಿಗೆದಾರರು ಕಟ್ಟಿದಂತಾಗುತ್ತದೆ, ಅವರ 200 ಯೂನಿಟ್ ಬೇಗ ತುಂಬುತ್ತದೆ. ಕೆಳಗಿನ ಮೀಟರಿಗೆ ಬದಲಾಯಿಸುವುದು ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ. ಟ್ಯಾಂಕರ್ ನೀರು ತರಿಸಿದರೆ ಅದರ ಹಣವನ್ನು ಎರಡು ಮನೆಯ ತಲೆ ಎಣಿಸಿ ಹಂಚುವುದಾಗಿ ಕರಾರಿನಲ್ಲಿ ಒಂದು ಸಾಲು ಹಾಕಿಸಿ. ಬೇಸಿಗೆಯಲ್ಲಿ ಅದು ಬೇಕಾಗುತ್ತದೆ.